ಪಿಕಪ್‌ನಿಂದ ಕೆಳಗಿಳಿಯದ ಬೇಟೆಗಾರರು: ಇವರನ್ನು ನೋಡಿ ನಗದೆ ಇರೋದು ಹೇಗೆ?

ಮೊಂಟಾನಾ ಮಾವ:

ಅಕ್ಟೋಬರ್ ಕೊನೆಗೆ ಅಮೆರಿಕದ ಮೊಂಟಾನಾದಲ್ಲಿ ಜಿಂಕೆ ಮತ್ತು ದೊಡ್ಡ ಗಾತ್ರದ ಜಿಂಕೆ ಜಾತಿಯ ಎಲ್ಕ್‌ಗಳ ರೈಫಲ್ ಬೇಟೆಯ ಸೀಸನ್ ಶುರುವಾಗುತ್ತದೆ. ಐದು ವಾರ ನಡೆಯುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ಭಾನುವಾರಕ್ಕೆ ಮುಗಿಯುತ್ತದೆ. ಈ ಐದು ವಾರ ಕಾಡಿನ ಮಣ್ಣುರಸ್ತೆಗಳಲ್ಲಿ ನಡೆಯುವ ತಮಾಷೆ ಊರೊಳಗೆ ಇರುವವರಿಗೆ ಗೊತ್ತೇ ಆಗೋದಿಲ್ಲ. ಪಿಕಪ್‌ಗಳ ದಿಬ್ಬಣ! ಮುಂದೆ ಒಂದು, ಹಿಂದೆ ನಾಲ್ಕು, ಎಲ್ಲಾ ಸೈಕಲ್ ವೇಗದಲ್ಲಿ. ಕಿಟಕಿ ಇಳಿಸಿರುತ್ತಾರೆ, ಹೀಟರ್ ಪೂರ್ತಿ ತಿರುಗಿಸಿರುತ್ತಾರೆ. ಡ್ಯಾಶ್‌ಬೋರ್ಡ್ ಮೇಲೆ ಪೆಟ್ರೋಲ್ ಬಂಕಿನ ಕಾಫಿ, ಪಕ್ಕದಲ್ಲಿ ಒಣಮಾಂಸದ ಪೊಟ್ಟಣ, ಎದೆಯ ಮೇಲೆ ದುರ್ಬೀನು. ಕಿತ್ತಳೆ ಬಣ್ಣದ ಜಾಕೆಟ್‌ನಲ್ಲಿ ಅಂಗಡಿಯ ಮಡಿಕೆ ಇನ್ನೂ ಹೋಗಿಲ್ಲ. ಬೂಟಿಗೆ ಒಂದು ಚೂರು ಕೆಸರಿಲ್ಲ. ಇಲ್ಲಿ ಇವರಿಗೆ ರೋಡ್ ಹಂಟರ್ ಅಂತ ಹೆಸರು. ಹೀಟರ್ ಹಂಟರ್ ಅನ್ನುವವರೂ ಇದ್ದಾರೆ.

ಇವರ ಬೇಟೆ ಹೇಗಿರುತ್ತದೆ ಅಂದರೆ, ಯಾರಾದರೂ ಒಬ್ಬ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ದುರ್ಬೀನು ಎತ್ತಿದ ಅಂದುಕೊಳ್ಳಿ. ಹಿಂದಿನ ನಾಲ್ಕೂ ಗಾಡಿ ನಿಲ್ಲುತ್ತವೆ. ನಾಲ್ಕು ದುರ್ಬೀನು ಮೇಲೇಳುತ್ತವೆ. ಮೊದಲನೆಯವನು ನೋಡುತ್ತಿದ್ದದ್ದು ಸುಟ್ಟ ಮರದ ಬೊಡ್ಡೆ. ಇಲ್ಲವೇ ಯಾರದೋ ಕಪ್ಪು ಆಂಗಸ್ ದನ. ಆದರೂ ಹತ್ತು ನಿಮಿಷ ಯಾರೂ ಕದಲೋದಿಲ್ಲ. ಒಂದು ವೇಳೆ ನಿಜವಾಗಲೂ ಜಿಂಕೆ ಇದ್ದರೆ ಇನ್ನೂ ಮಜಾ. ಒಬ್ಬ ಬಾಗಿಲು ತೆಗೆಯುತ್ತಾನೆ. ಕೀ ಗಾಡಿಯಲ್ಲೇ ಇರುತ್ತದೆ. ಡಿಂಗ್ ಡಿಂಗ್ ಡಿಂಗ್ ಅಂತ ಇಡೀ ಕಣಿವೆಗೆ ಕೇಳುತ್ತದೆ. ಇನ್ನೊಬ್ಬ ಬಾಗಿಲನ್ನು ಧಡಾರ್ ಅಂತ ಬಡಿಯುತ್ತಾನೆ. ಜಿಂಕೆ ಮಾಯ. ಎಲ್ಲರೂ ಮತ್ತೆ ಒಳಗೆ ಕೂತು, 'ಈ ವರ್ಷ ಪ್ರಾಣಿಗಳೇ ಇಲ್ಲ, ಎಲ್ಲಾ ತೋಳ ತಿಂದು ಮುಗಿಸಿವೆ' ಅಂತ ಗೊಣಗಿಕೊಂಡು ಮುಂದೆ ಹೋಗುತ್ತಾರೆ.

ನಾನು ಇವರನ್ನು ನೋಡಿ ನಗುತ್ತೇನೆ, ಬಾಯಿ ತುಂಬಾ ನಗುತ್ತೇನೆ. ಯಾಕೆ ಅಂದರೆ ಬೇಟೆ ನನಗೆ ತುಂಬಾ ಇಷ್ಟವಾದ ಕೆಲಸ. ಅದು ಕಾಲಿನ ಕೆಲಸ. ಗಾಳಿ ಯಾವ ಕಡೆ ಬೀಸುತ್ತಿದೆ, ಹಿಮದ ಮೇಲಿನ ಹೆಜ್ಜೆ ಹೊಸದೋ ಹಳೆಯದೋ, ಪ್ರಾಣಿ ಮೇಯುತ್ತಿದೆಯೋ ಓಡುತ್ತಿದೆಯೋ, ಇದೆಲ್ಲಾ ನಡೆದವರಿಗೆ ಮಾತ್ರ ತಿಳಿಯುತ್ತದೆ. ಗಟ್ಟಿಮುಟ್ಟಾದ ಕಾಲಿದ್ದೂ ಸೀಟಿನಿಂದ ಏಳದವರು ಬೇಟೆಯ ಒಳ್ಳೆಯ ಭಾಗವನ್ನೆಲ್ಲಾ ಬಿಟ್ಟು ಬರೀ ಗುಂಡು ಹೊಡೆಯುವುದನ್ನು ಇಟ್ಟುಕೊಂಡಿದ್ದಾರೆ. ನೀವು ಕಂಡ ರೋಡ್ ಹಂಟರ್‌ಗಳ ಕಥೆ ಹಾಕಿ. ನಗೋಣ.

ಮ್ಯಾಡಿಸನ್ ಅಕ್ಕ:

ಮಾವ, ಆ ಡಿಂಗ್ ಡಿಂಗ್ ಓದಿ ನಕ್ಕೂ ನಕ್ಕೂ ಸಾಕಾಯಿತು. ವಿಸ್ಕಾನ್ಸಿನ್‌ನಲ್ಲೂ ಥೇಟ್ ಇದೇ. ಇಲ್ಲಿ ರಸ್ತೆಯ ಮಧ್ಯಭಾಗದಿಂದ 50 ಅಡಿಯೊಳಗೆ ನಿಂತು ರೈಫಲ್ ಹಾರಿಸುವ ಹಾಗಿಲ್ಲ. ಐವತ್ತು ಅಡಿ ಅಂದರೆ ಹದಿನೈದು ಮೀಟರ್. ಎರಡು ಬಸ್ಸಿನ ಉದ್ದವೂ ಇಲ್ಲ. ಅಷ್ಟು ನಡೆಯೋಕೂ ಬೇಜಾರು ಮಾಡಿಕೊಳ್ಳುವ ಗಂಡಸರು ಇದ್ದಾರೆ ನೋಡಿ! ಅದೇ ಜನ ಫುಟ್‌ಬಾಲ್ ಪಂದ್ಯಕ್ಕೆ ಹೋದಾಗ ಪಾರ್ಕಿಂಗ್‌ನಿಂದ ಸ್ಟೇಡಿಯಂವರೆಗೆ ಖುಷಿಯಾಗಿ ನಡೆಯುತ್ತಾರೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಅವರ ಹತ್ತಿರ ಅಂಗವಿಕಲರಿಗೆ ಕೊಡುವ 'ಎ' ವರ್ಗದ ಪರವಾನಗಿ ಇದೆ. ನಿಂತ ಗಾಡಿಯಲ್ಲಿ ಕೂತು ಬೇಟೆಯಾಡಲು ಕಾನೂನೇ ಅವರಿಗೆ ಅವಕಾಶ ಕೊಟ್ಟಿದೆ. ಬೆಳಗಿನ ಜಾವ ಮೊಮ್ಮಗ ಅವರನ್ನು ಹೊಲದ ಅಂಚಿಗೆ ಕರೆದುಕೊಂಡು ಹೋಗುತ್ತಾನೆ. ಎಂಜಿನ್ ಆರಿಸಿ, ಕಂಬಳಿ ಹೊದ್ದು, ಗಂಟೆಗಟ್ಟಲೆ ಅಲುಗಾಡದೆ ಕಾಯುತ್ತಾರೆ. ಅಂಥವರನ್ನು ಈ ನಗುವಿನೊಳಗೆ ಸೇರಿಸಬೇಡಿ.

ಮೊಂಟಾನಾ ಮಾವ:

ಖಂಡಿತ ಸೇರಿಸೋದಿಲ್ಲ ಅಕ್ಕ. ಇಲ್ಲೂ ವಾಹನದಿಂದ ಬೇಟೆಯಾಡುವ ಪರವಾನಗಿ ಅಂತ ಒಂದಿದೆ. ನಡೆಯಲು ಆಗದವರಿಗೆ ಅಂತಲೇ ಇರೋದು. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ನಗುತ್ತಿರೋದು ವರ್ಷವಿಡೀ ಜಿಮ್ಮಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿ, ನವೆಂಬರ್ ಬಂದ ಕೂಡಲೇ ಪಿಕಪ್ ಒಳಗೆ ಬೇರುಬಿಡುವವರನ್ನು.

ಡಕೋಟಾ ಗೌಡ:

ನಮ್ಮ ಸೌತ್ ಡಕೋಟಾದ ಮಾನ ಕಳೀಬೇಡಿ ಸ್ವಾಮಿ! ಇಲ್ಲಿ ಫೆಸೆಂಟ್ ಹಕ್ಕಿಯನ್ನು ರಸ್ತೆ ಪಕ್ಕದಲ್ಲಿ ಬೇಟೆಯಾಡುವುದು ಕಾನೂನುಬದ್ಧ. ಫೆಸೆಂಟ್ ಏಷ್ಯಾದಿಂದ ತಂದುಬಿಟ್ಟ ಹಕ್ಕಿ. ಆದರೂ 1943ರಿಂದ ಅದೇ ನಮ್ಮ ರಾಜ್ಯಪಕ್ಷಿ. ಅಕ್ಟೋಬರ್ ಮೂರನೇ ಶನಿವಾರ ಸೀಸನ್ ಶುರುವಾದರೆ ಇಲ್ಲಿ ಜಾತ್ರೆ. ಮುಂಚೆ ಮೊದಲ ವಾರ ಮಧ್ಯಾಹ್ನ ಹನ್ನೆರಡರವರೆಗೆ ಗುಂಡು ಹಾರಿಸುವ ಹಾಗಿರಲಿಲ್ಲ. 2020ರಿಂದ ಬೆಳಿಗ್ಗೆ ಹತ್ತಕ್ಕೇ ಶುರು ಮಾಡಬಹುದು.

ಜೋಳದ ಹೊಲ ಕೊಯ್ದ ಮೇಲೆ ಹಕ್ಕಿಗಳು ರಸ್ತೆ ಬದಿಯ ಹುಲ್ಲಿಗೆ ಬರುತ್ತವೆ. ಸಂಜೆ ಹೊತ್ತು ಜಲ್ಲಿ ಕಲ್ಲು ನುಂಗೋಕೆ ಮಣ್ಣುರಸ್ತೆಗೇ ಬಂದು ನಿಲ್ಲುತ್ತವೆ. ತಿಂದ ಕಾಳು ಅರೆಯೋಕೆ ಅವಕ್ಕೆ ಹೊಟ್ಟೆಯಲ್ಲಿ ಕಲ್ಲು ಬೇಕು. ಆದರೆ ನಿಯಮ ಇದೆ. ಮನೆ, ಶಾಲೆ, ಚರ್ಚು, ದನಕರು ಇರುವ ಕಡೆಯಿಂದ 660 ಅಡಿ ದೂರ ಇರಬೇಕು. ಗಾಡಿಯಿಂದ ಇಳಿಯಲೇಬೇಕು. ಕಿಟಕಿಯಿಂದ ಕೋವಿ ಚಾಚಿದರೆ ಇಲ್ಲೂ ಅಪರಾಧವೇ. ಹಾಗಾಗಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮೊಂಟಾನಾ ಮಾವ:

ಗೌಡ್ರೇ, ಒಪ್ಪಿದೆ. ಕಾನೂನು ಬಿಟ್ಟಿದೆ, ಇಳಿದು ಹೊಡೀತೀರಿ. ಆದರೂ ಒಂದು ಕೇಳುತ್ತೇನೆ. ಹಕ್ಕಿ ರಸ್ತೆ ಮೇಲೆ ಕಲ್ಲು ನುಂಗುತ್ತಾ ನಿಂತಿರುವಾಗ ಹೊಡೆಯೋದರಲ್ಲಿ ಏನು ರುಚಿ ಇದೆ? ನಾಯಿ ಹುಲ್ಲಿನಲ್ಲಿ ಮೂಸಿಕೊಂಡು ಹೋಗಿ, ಒಂದೇ ಸಲ ಕಲ್ಲಾಗಿ ನಿಂತು, ಹಕ್ಕಿ ಕೆಕ್ ಕೆಕ್ ಅಂತ ಕೂಗಿ ಮೇಲೆದ್ದಾಗ ಎದೆ ಝಲ್ ಅನ್ನುತ್ತಲ್ಲ, ಅದು ಬೇಡವಾ?

ಡಕೋಟಾ ಗೌಡ:

ಬೇಕು. ಅದಕ್ಕೇ ನಾನು ನಾಯಿ ಸಾಕಿರೋದು. ನಮ್ಮಲ್ಲೂ ನಗಬೇಕಾದವರು ಇದ್ದಾರೆ, ಸುಳ್ಳು ಹೇಳೋದಿಲ್ಲ. ಹೊರರಾಜ್ಯದಿಂದ ಬಂದ ಗುಂಪು ಒಂದು ಫೆಸೆಂಟ್ ಕಂಡಿತು. ನಾಲ್ಕು ಬಾಗಿಲೂ ಒಟ್ಟಿಗೆ ತೆರೆದವು. ನಾಲ್ವರೂ ಒಟ್ಟಿಗೆ ಇಳಿದರು. ಡ್ರೈವರ್ ಅವಸರದಲ್ಲಿ ಗಾಡಿಯ ಗೇರನ್ನು ಪಾರ್ಕಿಗೆ ಹಾಕೋದನ್ನೇ ಮರೆತಿದ್ದ. ಪಿಕಪ್ ತಾನಾಗೇ ಹೊರಟು ಚರಂಡಿಗೆ ಇಳಿಯಿತು. ಹಕ್ಕಿ ಹೊಲದೊಳಗೆ ಓಡಿಹೋಯಿತು. ನಾಲ್ವರೂ ಹಕ್ಕಿ ಬಿಟ್ಟು ಗಾಡಿ ಹಿಂದೆ ಓಡಿದರು. ಅವತ್ತು ಅವರು ನಡೆದದ್ದೆಲ್ಲಾ ಅದೇ. ಟ್ರ್ಯಾಕ್ಟರ್ ತಂದು ಎಳೆದುಕೊಟ್ಟವನು ನಾನು.

ಟೆಕ್ಸಾಸ್ ತಮ್ಮ:

ಇಲ್ಲಿಗೆ ಬಂದು ನೋಡಿ ಮಾವ, ನಿಮ್ಮ ಮೊಂಟಾನಾದವರು ಏನೇನೂ ಅಲ್ಲ. ಟೆಕ್ಸಾಸ್‌ನಲ್ಲಿ ಬಹುಪಾಲು ಭೂಮಿ ಖಾಸಗಿ. ಸಾರ್ವಜನಿಕ ರಸ್ತೆಯಿಂದ ಹೊಡೆಯುವ ಹಾಗಿಲ್ಲ. ಆದರೆ ಖಾಸಗಿ ಜಮೀನಿನೊಳಗೆ ಗಾಡಿಯಿಂದಲೇ ಹೊಡೆಯಬಹುದು. ಹಾಗಾಗಿ ದಕ್ಷಿಣ ಟೆಕ್ಸಾಸ್ ಕಡೆ ಹೈ ರ್‍ಯಾಕ್ ಅಂತ ಮಾಡಿಸುತ್ತಾರೆ. ಪಿಕಪ್ ಮೇಲೆ ಕಬ್ಬಿಣದ ಅಟ್ಟ. ಅಟ್ಟದ ಮೇಲೆ ಮೆತ್ತನೆಯ ಸೀಟು. ಕೋವಿ ಇಡೋಕೆ ಸ್ಟ್ಯಾಂಡು, ಲೋಟ ಇಡೋಕೆ ತೂತು, ಐಸ್ ಪೆಟ್ಟಿಗೆ. ಕೆಲವದರಲ್ಲಿ ಮೇಲಿನಿಂದಲೇ ಗಾಡಿ ಓಡಿಸೋಕೆ ಸ್ಟೀರಿಂಗ್ ಕೂಡ ಇರುತ್ತದೆ.

ಮುಳ್ಳುಕಂಟಿ ಆಳೆತ್ತರ ಬೆಳೆದಿರುತ್ತದೆ, ನೆಲದ ಮೇಲೆ ನಿಂತರೆ ಏನೂ ಕಾಣೋದಿಲ್ಲ ಅನ್ನುವುದು ಅವರ ಸಮರ್ಥನೆ. ಅದು ನಿಜವೂ ಹೌದು. ಆದರೆ ಕಂಪನಿಯ ಅತಿಥಿಗಳು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಅಟ್ಟ ಹತ್ತಿ, ಸಂಜೆ ಇಳಿದು, 'ಅಬ್ಬಾ, ಏನು ಕಷ್ಟದ ಬೇಟೆ' ಅಂತ ಬೆನ್ನು ಹಿಡಿದುಕೊಳ್ಳೋದನ್ನು ನೋಡಿದರೆ ನಗು ತಡೆಯೋಕೆ ಆಗೋದಿಲ್ಲ.

ಲಾ ಗ್ರ್ಯಾಂಡ್ ಹುಡುಗಿ:

ನಾನು ಈಶಾನ್ಯ ಓರೆಗಾನ್‌ನಲ್ಲಿ ವನ್ಯಜೀವಿ ವಿಜ್ಞಾನ ಓದುತ್ತಿದ್ದೇನೆ. ಮಾವ ಹೇಳಿದ 'ಪ್ರಾಣಿಗಳೇ ಇಲ್ಲ' ಅನ್ನುವ ಗೊಣಗಾಟಕ್ಕೆ ಇಲ್ಲೇ ಉತ್ತರ ಇದೆ. ನಮ್ಮ ಊರಿನ ಹತ್ತಿರ ಸ್ಟಾರ್ಕಿ ಅನ್ನುವ ಪ್ರಯೋಗದ ಕಾಡು ಇದೆ. ಅಮೆರಿಕದ ಅರಣ್ಯ ಸೇವೆಗೆ ಸೇರಿದ್ದು. ಸುಮಾರು 100 ಚದರ ಕಿಲೋಮೀಟರ್ ಕಾಡಿಗೆ 8 ಅಡಿ ಎತ್ತರದ ಬೇಲಿ ಹಾಕಿ, ಎಲ್ಕ್ ಮತ್ತು ಮ್ಯೂಲ್ ಜಿಂಕೆಗಳಿಗೆ ರೇಡಿಯೋ ಕಾಲರ್ ತೊಡಿಸಿ, ಅವು ಎಲ್ಲಿ ಓಡಾಡುತ್ತವೆ ಅಂತ 1989ರಿಂದ ಗಮನಿಸುತ್ತಾ ಬಂದಿದ್ದಾರೆ. ಗಾಡಿ ಓಡಾಡುವ ರಸ್ತೆಗಳಿಂದ ಎಲ್ಕ್‌ಗಳು ದೂರ ಉಳಿಯುತ್ತವೆ. ಓಡಾಟ ಜಾಸ್ತಿಯಾದಷ್ಟೂ ಇನ್ನೂ ದೂರ ಹೋಗುತ್ತವೆ.

ಕೆನಡಾದ ಆಲ್ಬರ್ಟಾದಲ್ಲಿ ಮಾಡಿದ ಅಧ್ಯಯನ ಇದಕ್ಕಿಂತ ಚೆನ್ನಾಗಿದೆ. 2017ರಲ್ಲಿ ಪ್ರಕಟವಾಯಿತು. ಹೆಣ್ಣು ಎಲ್ಕ್‌ಗಳು ವಯಸ್ಸಾದ ಹಾಗೆ ಕಲಿಯುತ್ತವಂತೆ. ಬೇಟೆಯ ಕಾಲದಲ್ಲಿ ಓಡಾಟ ಕಡಿಮೆ ಮಾಡುತ್ತವೆ. ದಟ್ಟ ಮರಗಳ ನಡುವೆ, ಕಡಿದಾದ ಇಳಿಜಾರಿನಲ್ಲಿ ಇರುತ್ತವೆ. ರಸ್ತೆ ಹತ್ತಿರ ಇದ್ದಾಗ ಅಂತೂ ಈ ಎಚ್ಚರ ಇನ್ನೂ ಜಾಸ್ತಿ. ಹತ್ತು ವರ್ಷ ದಾಟಿದ ಹೆಣ್ಣು ಎಲ್ಕ್ ಬೇಟೆಗಾರನ ಕೈಗೆ ಸಿಗುವುದೇ ಅಪರೂಪ. ಅಂದರೆ ಆ ಅಜ್ಜಿ ಎಲ್ಕ್‌ಗಳು ಮೇಲಿನ ಮರಗಳ ನಡುವೆ ಆರಾಮಾಗಿ ಮಲಗಿ ಮೆಲುಕು ಹಾಕುತ್ತಿರುತ್ತವೆ. ಕೆಳಗೆ ರಸ್ತೆಯಲ್ಲಿ ಇವರು ಡೀಸೆಲ್ ಸುಡುತ್ತಿರುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ವಿಮಾನದಿಂದ ಬೇಟೆಗಾರರನ್ನೇ ಎಣಿಸಿ ನೋಡಿದ್ದಾರೆ. ಹೆಚ್ಚಿನವರು ರಸ್ತೆಯ ಆಸುಪಾಸು ಬಿಟ್ಟು ಹೋಗೋದೇ ಇಲ್ಲ.

ಮೊಂಟಾನಾ ಮಾವ:

ಇದು ನನಗೆ ಬೇಕಾಗಿದ್ದ ಮಾತು ತಂಗಿ! ಅಜ್ಜಿ ಎಲ್ಕ್‌ಗಳಿಗೆ ಜೈ.

ಹೆಲೆನಾ ಹೈದ:

ಎಲ್ಲರೂ ನಗುತ್ತಿದ್ದೀರಿ, ನನಗೆ ಸ್ವಲ್ಪ ಸಿಟ್ಟೇ ಬಂತು. ನಾನು ರಸ್ತೆಯಿಂದ ನೋಡುತ್ತೇನೆ. ನನ್ನ ಕೆಲಸ ಬೆಳಗಿನ ಜಾವ ಶುರುವಾದರೆ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ. ನವೆಂಬರ್‌ನಲ್ಲಿ ಐದು ಗಂಟೆಗೆಲ್ಲಾ ಕತ್ತಲು. ಸೂರ್ಯ ಮುಳುಗಿ ಅರ್ಧ ಗಂಟೆಗೆ ಬೇಟೆಯ ಹೊತ್ತು ಮುಗಿಯಿತು. ನನಗೆ ಸಿಗೋದು ಎರಡು ಗಂಟೆ. ಮನೆಯಲ್ಲಿ ಫ್ರೀಜರ್ ತುಂಬಬೇಕು. ಒಂದು ಜಿಂಕೆ ಸಿಕ್ಕಿದರೆ ಎಷ್ಟೋ ವಾರ ಅಂಗಡಿಯಲ್ಲಿ ಮಾಂಸ ಕೊಳ್ಳುವ ಖರ್ಚು ಉಳಿಯುತ್ತದೆ. ಕುದುರೆ, ಗೈಡು, ಎರಡು ವಾರ ರಜೆ ಇರುವವರು ಬೆಟ್ಟದ ಮೇಲೆ ಟೆಂಟ್ ಹಾಕಲಿ. ನಮ್ಮಂಥವರನ್ನು ಸೋಮಾರಿ ಅನ್ನೋದು ಸುಲಭ.

ಇನ್ನೊಂದು ಮಾತು. ಬಯಲು ಸೀಮೆಯಲ್ಲಿ ಗಾಡಿಯಿಂದ ದುರ್ಬೀನು ಹಾಕಿ ನೋಡೋದು ತಪ್ಪಲ್ಲ. ಪೂರ್ವ ಮೊಂಟಾನಾದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಪ್ರಾಂಗ್‌ಹಾರ್ನ್ ಅನ್ನುವ ಜಿಂಕೆಯಂಥ ಪ್ರಾಣಿ ಗಂಟೆಗೆ 80 ಕಿಲೋಮೀಟರ್‌ಗೂ ಜಾಸ್ತಿ ಓಡುತ್ತದೆ. ಮೈಲಿಗಟ್ಟಲೆ ದೂರದಿಂದ ನಿಮ್ಮನ್ನು ನೋಡುತ್ತದೆ. ಅದು ಎಲ್ಲಿದೆ ಅಂತ ಗೊತ್ತಿಲ್ಲದೆ ಸುಮ್ನೆ ನಡೆದರೆ ಏನು ಸಿಗುತ್ತದೆ?

ಮೊಂಟಾನಾ ಮಾವ:

ಹೈದಾ, ನೀನು ಹೇಳಿದ ಎರಡನೇ ಮಾತು ನೂರಕ್ಕೆ ನೂರು ಸರಿ. ನೋಡೋದು ಗಾಡಿಯಿಂದ, ಹೋಗೋದು ಕಾಲಿನಿಂದ, ಇದರಲ್ಲಿ ನನಗೇನೂ ತಕರಾರಿಲ್ಲ. ದೂರದಲ್ಲಿ ಪ್ರಾಂಗ್‌ಹಾರ್ನ್ ಕಂಡ ಮೇಲೆ ಗಾಡಿಯನ್ನು ದಿಬ್ಬದ ಮರೆಗೆ ಬಿಟ್ಟು, ಕೊರಕಲಿನಲ್ಲಿ ಬಗ್ಗಿ, ಕೊನೆಗೆ ಕಳ್ಳಿ ಮುಳ್ಳಿನ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುವವನು ಪೂರಾ ಬೇಟೆಗಾರ. ಹಾಗೆ ನೋಡುವವರಿಗೆ ಒಂದು ಕಿವಿಮಾತು. ಹೀಟರ್ ಹಾಕಿ ಕಿಟಕಿಯಿಂದ ನೋಡಿದರೆ ಬಿಸಿಗಾಳಿ ಹೊರಗೆ ನುಗ್ಗಿ ದುರ್ಬೀನಿನಲ್ಲಿ ಎಲ್ಲಾ ನಡುಗುತ್ತದೆ. ಎಂಜಿನ್ ಆನ್ ಇದ್ದರೆ ಇನ್ನೂ ಕಷ್ಟ. ಎಂಜಿನ್, ಹೀಟರ್ ಎರಡೂ ಆರಿಸಿ.

ಮೊದಲನೇ ಮಾತಿಗೂ ಉತ್ತರ ಕೊಡುತ್ತೇನೆ. ಫ್ರೀಜರ್ ತುಂಬೋದು ದೊಡ್ಡ ವಿಷಯ. ಅದರಲ್ಲಿ ಚೂರೂ ನಾಚಿಕೆಯಿಲ್ಲ. ನನ್ನ ಮನೆಯಲ್ಲೂ ವರ್ಷಪೂರ್ತಿ ತಿನ್ನೋದು ಅದೇ ಮಾಂಸ. ಆದರೆ ಎರಡೇ ಗಂಟೆ ಇದೆ ಅಂತಾದರೆ ಆ ಎರಡು ಗಂಟೆ ಓಡಾಡುತ್ತಾ ಕಳೆಯೋದಕ್ಕಿಂತ ಒಂದು ಕಡೆ ಕೂತುಕೋ. ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ, ಮೇವಿನ ಬಯಲಿಗೆ ಜಿಂಕೆ ಇಳಿಯುವ ಜಾಡಿನ ಹತ್ತಿರ, ಗಾಳಿ ನಿನ್ನ ಮುಖಕ್ಕೆ ಬೀಸುವ ಹಾಗೆ. ಅಲ್ಲಿಗೆ ಹತ್ತು ನಿಮಿಷದ ನಡಿಗೆ ಸಾಕು. ಕತ್ತಲಾಗುವ ಹೊತ್ತಿಗೆ ಅವು ತಾವಾಗೇ ಬರುತ್ತವೆ.

ಹೆಲೆನಾ ಹೈದ:

ಅಷ್ಟು ಸರಳ ಅಲ್ಲ ಮಾವ. ಆ ಅರ್ಧ ಕಿಲೋಮೀಟರ್ ಒಳಗೆ ಯಾರದೋ ರಾಂಚ್, ಅಂದರೆ ದನ ಸಾಕುವ ದೊಡ್ಡ ಜಮೀನು, ಇರುತ್ತದೆ. ಬೇಲಿ ಕಂಬಕ್ಕೆ ಕಿತ್ತಳೆ ಬಣ್ಣ ಬಳಿದಿರುತ್ತಾರೆ, ಅನುಮತಿ ಇಲ್ಲದೆ ಒಳಗೆ ಬರಬೇಡ ಅಂತ. ಕೆಲಸ ಮುಗಿಸಿ ಹೋಗುವಷ್ಟು ದೂರದಲ್ಲಿ ಸಾರ್ವಜನಿಕ ಜಾಗ ಕಡಿಮೆ. ಆದರೂ ಕೂತು ಕಾಯುವ ಮಾತು ಚೆನ್ನಾಗಿದೆ. ಈ ವಾರ ನೋಡುತ್ತೇನೆ.

ಮ್ಯಾಡಿಸನ್ ಅಕ್ಕ:

ರಾಂಚಿನವರು ಬೇಲಿ ಬಳಿಯೋದು ಯಾಕೆ ಅಂತಲೂ ಕೇಳಬೇಕಲ್ವಾ? ಗೇಟ್ ತೆರೆದುಬಿಟ್ಟು ಹೋಗುವವರು, ಒದ್ದೆ ಹೊಲದಲ್ಲಿ ಚಕ್ರದ ಗುಂಡಿ ಮಾಡುವವರು, ರಸ್ತೆಯಿಂದ ಬೇಲಿಯಾಚೆಗೆ ಗುಂಡು ಹಾರಿಸುವವರು. ಇವರಲ್ಲಿ ಗಾಡಿಯಲ್ಲಿ ಬಂದವರೇ ಜಾಸ್ತಿ. ಅವರಿಂದ ನಡೆಯುವವರಿಗೂ ಬಾಗಿಲು ಮುಚ್ಚಿತು.

ಮೊಂಟಾನಾ ಮಾವ:

ಇದೇ ನನಗೆ ಹೊಟ್ಟೆ ಉರಿಯುವ ವಿಷಯ ಅಕ್ಕ. ನಗು ನಿಂತುಹೋಗೋದು ಇಲ್ಲೇ.

ಮೊಂಟಾನಾದ ಕಾನೂನು ಸ್ಪಷ್ಟವಾಗಿದೆ. ಸಾರ್ವಜನಿಕ ಹೆದ್ದಾರಿಯಿಂದ, ಅದರ ಅಂಚಿನಿಂದ, ಪಕ್ಕದ ಚರಂಡಿಯಿಂದ, ಅದರ ಅಡ್ಡಲಾಗಿ, ಎಲ್ಲಿಂದಲೂ ಬೇಟೆಯಾಡುವ ಹಾಗಿಲ್ಲ. ರಾಷ್ಟ್ರೀಯ ಅರಣ್ಯದ ರಸ್ತೆಗಳಿಗೂ ನಿಯಮ ಇದೆ. ರಸ್ತೆಯ ಮೇಲೆ ನಿಂತೋ ಅಡ್ಡಲಾಗಿಯೋ ಹಾರಿಸಬಾರದು. ಮನೆ, ಕ್ಯಾಂಪ್‌ಗಳಿಂದ 150 ಗಜದೊಳಗೂ ಹಾರಿಸಬಾರದು. ಇದಕ್ಕೆ ಕಾರಣ ಇದೆ. .30-06 ಅನ್ನುವ ರೈಫಲ್ ಗುಂಡು ಗುರಿ ತಪ್ಪಿದರೆ ನಾಲ್ಕೈದು ಕಿಲೋಮೀಟರ್ ಹೋಗಬಲ್ಲದು. ಗಾಡಿಯಿಂದ ನೋಡಿದವನ ಕಣ್ಣು ಕೊಂಬಿನ ಮೇಲೆ ಇರುತ್ತದೆ. ಹಿಂದೆ ಏನಿದೆ ಅಂತ ನೋಡುವ ತಾಳ್ಮೆ ಇರೋದಿಲ್ಲ. ಕೊಟ್ಟಿಗೆ ಇರಬಹುದು, ಶಾಲೆಯ ಬಸ್ಸು ಇರಬಹುದು, ನನ್ನ ಹಾಗೆ ನಡೆದುಕೊಂಡು ಬರುತ್ತಿರುವ ಇನ್ನೊಬ್ಬ ಇರಬಹುದು. ಸೊಂಟದ ಮೇಲೆ 400 ಚದರ ಇಂಚು ಕಿತ್ತಳೆ ಬಟ್ಟೆ ಹಾಕಿರಬೇಕು ಅಂತ ಇಲ್ಲಿ ನಿಯಮ ಇರೋದು ಒಬ್ಬರಿಗೊಬ್ಬರು ಕಾಣಲಿ ಅಂತ. ಅವಸರದವನಿಗೆ ಅದೂ ಕಾಣೋದಿಲ್ಲ.

ಗಾಡಿಯೊಳಗಿನ ಅಪಾಯ ಬೇರೆ. ಸೀಟಿನ ಹಿಂದೆ ಸಿಕ್ಕಿಕೊಂಡ ರೈಫಲ್ಲನ್ನು ನಳಿಗೆ ಹಿಡಿದು ತನ್ನ ಕಡೆಗೇ ಎಳೆದುಕೊಳ್ಳುವವರು ಇದ್ದಾರೆ. ಗುಂಡು ತುಂಬಿದ್ದರೆ ಮುಗಿಯಿತು ಕಥೆ. ಪೆನ್ಸಿಲ್ವೇನಿಯಾ, ಮಿಷಿಗನ್ ಥರದ ರಾಜ್ಯಗಳು ಗಾಡಿಯಲ್ಲಿ ತುಂಬಿದ ರೈಫಲ್ ಇಡುವುದನ್ನೇ ನಿಷೇಧಿಸಿವೆ. ಎಲ್ಲಾ ಕಡೆ ಆ ನಿಯಮ ಬರಬೇಕು ಅನ್ನೋದು ನನ್ನ ಅಭಿಪ್ರಾಯ.

ಟೆಕ್ಸಾಸ್ ತಮ್ಮ:

ಇಂಥವರನ್ನು ಹಿಡಿಯೋಕೆ ವನ್ಯಜೀವಿ ವಾರ್ಡನ್‌ಗಳು ಇಟ್ಟಿರುವ ಯಂತ್ರದ ಜಿಂಕೆ ಬಗ್ಗೆ ಯಾರೂ ಬರೆದಿಲ್ಲವಲ್ಲ! ಮಾವ, ಬೇಗ ಬರೀರಿ.

ಮೊಂಟಾನಾ ಮಾವ:

ಬಂದೆ, ಬಂದೆ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಹಲವು ರಾಜ್ಯಗಳ ವನ್ಯಜೀವಿ ಇಲಾಖೆಯವರ ಹತ್ತಿರ ರೋಬೋ ಜಿಂಕೆ ಇದೆ. ನಿಜವಾದ ಚರ್ಮ ಹೊದಿಸಿದ ಬೊಂಬೆ. ಒಳಗೆ ಮೋಟರ್. ರಿಮೋಟ್ ಒತ್ತಿದರೆ ತಲೆ ತಿರುಗಿಸುತ್ತದೆ, ಕಿವಿ ಆಡಿಸುತ್ತದೆ, ಬಾಲ ಅಲ್ಲಾಡಿಸುತ್ತದೆ. ಇದನ್ನು ತಯಾರಿಸೋದನ್ನೇ ಉದ್ಯೋಗ ಮಾಡಿಕೊಂಡ ಕಂಪನಿ ಅಕ್ಕನ ವಿಸ್ಕಾನ್ಸಿನ್‌ನಲ್ಲೇ ಇದೆ. ಪ್ರಾಣಿದಯೆಯ ದೊಡ್ಡ ಸಂಸ್ಥೆಯಾದ ಹ್ಯೂಮೇನ್ ಸೊಸೈಟಿ (2025ರಿಂದ ಅದರ ಹೆಸರು ಹ್ಯೂಮೇನ್ ವರ್ಲ್ಡ್ ಫಾರ್ ಅನಿಮಲ್ಸ್) ಇಂಥ ಬೊಂಬೆಗಳನ್ನು ಕೆಲವು ರಾಜ್ಯಗಳಿಗೆ ದಾನವಾಗಿಯೂ ಕೊಟ್ಟಿದೆ. ವಾರ್ಡನ್‌ಗಳು ಅದನ್ನು ರಸ್ತೆಯಿಂದ ಕಾಣುವ ಹಾಗೆ ನಿಲ್ಲಿಸಿ ಪೊದೆಯ ಹಿಂದೆ ಕೂರುತ್ತಾರೆ.

ಪಿಕಪ್ ಬರುತ್ತದೆ. ಬ್ರೇಕ್ ಕಿರ್ ಅನ್ನುತ್ತದೆ. ಕಿಟಕಿಯಿಂದ ನಳಿಗೆ ಹೊರಗೆ ಬರುತ್ತದೆ. ಢಂ! ಜಿಂಕೆ ಬೀಳೋದಿಲ್ಲ. ಬಾಲ ಅಲ್ಲಾಡಿಸುತ್ತದೆ. ಮತ್ತೆ ಢಂ! ಈಗ ತಲೆ ತಿರುಗಿಸಿ ಅವನನ್ನೇ ನೋಡುತ್ತದೆ. ಆಗಲೂ ಕೆಲವರಿಗೆ ಅನುಮಾನ ಬರೋದಿಲ್ಲ. ಸ್ಕೋಪ್ ಕೆಟ್ಟಿದೆ ಅಂತ ಬೈದುಕೊಂಡು ಮೂರನೇದೂ ಹಾರಿಸುತ್ತಾರೆ. ಅಷ್ಟರಲ್ಲಿ ಹಿಂದೆ ಕೆಂಪು ನೀಲಿ ದೀಪ. ಬೊಂಬೆಗಳ ಮೈತುಂಬಾ ಗುಂಡಿನ ತೂತು. ತೇಪೆ ಹಾಕಿ, ತಲೆ ಬದಲಿಸಿ, ಮತ್ತೆ ನಿಲ್ಲಿಸುತ್ತಾರೆ.

ಮೋಸ ಮಾಡಿ ಹಿಡಿದರು ಅಂತ ಸಿಕ್ಕಿಬಿದ್ದವರು ಕೂಗಾಡುತ್ತಾರೆ. ಅದರಲ್ಲಿ ಹುರುಳಿಲ್ಲ. ಬೊಂಬೆ ಯಾರನ್ನೂ ಕರೆಯೋದಿಲ್ಲ. ಅದೇ ರಸ್ತೆಯಲ್ಲಿ ಎಷ್ಟೋ ಜನ ಗಾಡಿ ನಿಧಾನ ಮಾಡಿ, ಮಕ್ಕಳಿಗೆ ತೋರಿಸಿ, ಫೋಟೋ ತೆಗೆದು ಹೋಗುತ್ತಾರೆ.

ಮಡಿಕೇರಿ ಮಳೆ:

ಕೊಡಗಿನಿಂದ ಓದುತ್ತಿದ್ದೇನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಅಪರಾಧ. ಕೋವಿ ಇದೆ, ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ ಆಡುತ್ತೇವೆ. ಅಷ್ಟೇ. ಆದರೆ ರಾತ್ರಿ ಜೀಪಿನಲ್ಲಿ ಸರ್ಚ್‌ಲೈಟ್ ಹಾಕಿಕೊಂಡು ತೋಟದ ರಸ್ತೆಗಳಲ್ಲಿ ಸುತ್ತುವ ಕಳ್ಳರು ಇಂದಿಗೂ ಇದ್ದಾರೆ. ಬೆಳಕು ಬಿದ್ದರೆ ಕಡವೆ, ಜಿಂಕೆಗಳ ಕಣ್ಣು ಹೊಳೆಯುತ್ತದೆ. ಕಾಲು ಕಟ್ಟಿದಂತೆ ನಿಂತುಬಿಡುತ್ತವೆ. ಅದಕ್ಕೆ ಗುಂಡು ಹೊಡೆಯೋದರಲ್ಲಿ ಶೌರ್ಯ ಎಲ್ಲಿದೆ?

ಗಾಡಿಯ ದೀಪದ ಬೆಳಕಿನ ಬೇಟೆ ಭಾರತಕ್ಕೆ ಎಷ್ಟು ದುಬಾರಿಯಾಯಿತು ಅಂತ ನೆನಪಿರಲಿ. 1947ರಲ್ಲಿ ಈಗಿನ ಛತ್ತೀಸಗಢದ ಕೊರಿಯಾ ಸಂಸ್ಥಾನದ ಮಹಾರಾಜ ರಾತ್ರಿ ಕಾರಿನಲ್ಲಿ ಹೋಗುತ್ತಾ ಮೂರು ಗಂಡು ಚೀತಾಗಳನ್ನು ಹೊಡೆದ. ದೇಶದಲ್ಲಿ ಉಳಿದಿದ್ದ ಕೊನೆಯ ಚೀತಾಗಳು ಅಂತ ಹೇಳುವುದು ಅವನ್ನೇ. ಆ ಸುದ್ದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬಂದಾಗ ಸಂಪಾದಕರೇ ಕೋಪದಿಂದ ಖಂಡಿಸಿ ಬರೆದರು. ಅಮೆರಿಕದವರಿಗೆ ಇಂಥ ವಿಷಯದಲ್ಲಿ ನಾಚಿಕೆ ಅನ್ನೋದು ಯಾವಾಗ ಬಂತು?

ಮೊಂಟಾನಾ ಮಾವ:

ಆ ಚೀತಾಗಳ ಕಥೆ ಓದಿದಾಗೆಲ್ಲಾ ಸಂಕಟವಾಗುತ್ತದೆ. ಇಲ್ಲಿನವರಿಗೂ ಪೆಟ್ಟು ತಿಂದ ಮೇಲೆಯೇ ಬುದ್ಧಿ ಬಂದದ್ದು. ಕಾಡೆಮ್ಮೆಗಳನ್ನು ಕೋಟಿಗಟ್ಟಲೆ ಕೊಂದರು. ರೈಲಿನ ಕಿಟಕಿಯಿಂದಲೂ ಹೊಡೆದರು. ಇವತ್ತಿನ ಪಿಕಪ್ ಕಿಟಕಿಯವರ ತಾತಂದಿರು ಅವರೇ. 1887ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಮತ್ತು ಜಾರ್ಜ್ ಬರ್ಡ್ ಗ್ರಿನೆಲ್ ಸೇರಿ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು, ಬೇಟೆಗಾರನಿಗೆ ಅನ್ಯಾಯದ ಅನುಕೂಲ ಇರಬಾರದು ಅಂತ ಅವರು ಹೇಳಿದರು. ಅದಕ್ಕೆ ಫೇರ್ ಚೇಸ್ ಅನ್ನುತ್ತಾರೆ. ಮೋಟಾರ್ ಗಾಡಿಯಿಂದ ಅಟ್ಟಿಸಿ ಹೊಡೆದ ಪ್ರಾಣಿಯ ಕೊಂಬು ಎಷ್ಟೇ ದೊಡ್ಡದಿರಲಿ, ಅವರ ದಾಖಲೆ ಪುಸ್ತಕಕ್ಕೆ ಸೇರೋದಿಲ್ಲ. ರೂಸ್‌ವೆಲ್ಟ್ ಅಧ್ಯಕ್ಷನಾಗಿದ್ದಾಗ, 1902ರಲ್ಲಿ, ಮಿಸಿಸಿಪ್ಪಿಯಲ್ಲಿ ಅವನಿಗಾಗಿ ಒಂದು ಕರಡಿಯನ್ನು ಮರಕ್ಕೆ ಕಟ್ಟಿಹಾಕಿದ್ದರು. ಕಟ್ಟಿದ ಪ್ರಾಣಿಗೆ ನಾನು ಗುಂಡು ಹೊಡೆಯೋದಿಲ್ಲ ಅಂದ. ಗಾಯಗೊಂಡಿದ್ದ ಅದರ ನರಳಾಟ ಮುಗಿಸಲು ಬೇರೆಯವರಿಗೆ ಹೇಳಿದ. ಟೆಡ್ಡಿ ಬೇರ್ ಗೊಂಬೆ ಹುಟ್ಟಿದ್ದು ಆ ಘಟನೆಯಿಂದ.

ಹಣದ ಲೆಕ್ಕವೂ ಇದೆ. 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯಿಂದ ರೈಫಲ್ ಮತ್ತು ಗುಂಡಿನ ಮೇಲೆ ಶೇಕಡಾ 11 ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಲೈಸೆನ್ಸ್ ಹಣವೂ ಅಲ್ಲಿಗೇ. ಹಣ ನಾವು ಕೊಟ್ಟರೂ ಬೇಟೆ ಇಲ್ಲಿ ಸಾರ್ವಜನಿಕರ ಒಪ್ಪಿಗೆಯ ಮೇಲೆ ನಿಂತಿದೆ. ಬೇಟೆಯಾಡದವರು ಕಣ್ಣಾರೆ ನೋಡೋದು ನಮ್ಮನ್ನಲ್ಲ, ನಾವು ಬೆಟ್ಟದ ಮೇಲಿರುತ್ತೇವೆ. ಅವರಿಗೆ ಕಾಣೋದು ರಸ್ತೆಯಲ್ಲಿರುವವನು. ಅವನನ್ನು ನೋಡಿ ಇವರೆಲ್ಲಾ ಹೀಗೇ ಅಂತ ತೀರ್ಮಾನಿಸಿದರೆ ಅವರ ತಪ್ಪೇನಿದೆ?

ಹೊಸ ಬೂಟು:

ಎಲ್ಲರಿಗೂ ನಮಸ್ಕಾರ. ಮೊಂಟಾನಾದ ಬಿಲ್ಲಿಂಗ್ಸ್‌ಗೆ ಬಂದು ಒಂದು ವರ್ಷವಾಯಿತು. ಎಚ್-1ಬಿ ವೀಸಾದಲ್ಲಿದ್ದೇನೆ. ಇದನ್ನೆಲ್ಲಾ ಓದಿ ನನಗೂ ನಡೆದು ಬೇಟೆಯಾಡುವ ಆಸೆ ಬಂದಿದೆ. ನಮ್ಮಂಥವರು ರೈಫಲ್ ಮುಟ್ಟಬಹುದಾ? ಎಲ್ಲಿಂದ ಶುರು ಮಾಡಲಿ ಸರ್?

ಮೊಂಟಾನಾ ಮಾವ:

ಒಳ್ಳೇದು ಕೇಳಿದೆ ತಮ್ಮಾ. ಇದರಲ್ಲಿ ಹುಷಾರಾಗಿರಬೇಕು. ವೀಸಾದ ಮೇಲೆ ಇರುವವರು ಬಂದೂಕು ಇಟ್ಟುಕೊಳ್ಳಬಾರದು ಅನ್ನುವುದು ಇಲ್ಲಿನ ಕೇಂದ್ರ ಕಾನೂನು. ಅದಕ್ಕೆ ಕೆಲವು ವಿನಾಯಿತಿ ಇವೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರೋದು ಅದರಲ್ಲಿ ಒಂದು. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು. ಹಾಗಾಗಿ ಸ್ನೇಹಿತನ ರೈಫಲ್ ಮುಟ್ಟುವ ಮೊದಲೂ ವಲಸೆ ವಕೀಲರನ್ನು ಕೇಳು. ಇದರಲ್ಲಿ ಉಡಾಫೆ ಬೇಡ, ವೀಸಾಕ್ಕೇ ಕುತ್ತು ಬರುತ್ತದೆ.

1985ರ ಜನವರಿ 1ರ ನಂತರ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕು. ರಾಜ್ಯದಲ್ಲಿ 180 ದಿನ ವಾಸವಾಗಿದ್ದರೆ ನಿವಾಸಿಗಳ ದರದಲ್ಲಿ ಲೈಸೆನ್ಸ್ ಸಿಗುತ್ತದೆ. ಹೊರಗಿನವರ ದರಕ್ಕೂ ಅದಕ್ಕೂ ಅಜಗಜಾಂತರ. ಜಾಗ ಬೇಕು ಅಂದರೆ ಬ್ಲಾಕ್ ಮ್ಯಾನೇಜ್‌ಮೆಂಟ್ ಪಟ್ಟಿ ನೋಡು. ರೈತರು ತಮ್ಮ ಜಮೀನನ್ನು ಬೇಟೆಗೆ ಬಿಟ್ಟುಕೊಡುವ ಯೋಜನೆ ಅದು. ಎಷ್ಟೋ ಕಡೆ ಗಾಡಿ ಬಿಡೋದಿಲ್ಲ, ನಡೆದೇ ಹೋಗಬೇಕು. ಹೈದಾ, ನಿನಗೂ ಹೇಳುತ್ತಿದ್ದೇನೆ. ಹೆಲೆನಾ ಸುತ್ತಮುತ್ತಲೂ ಇವೆ, ಪಟ್ಟಿ ತೆಗೆದು ನೋಡು.

ಹೆಲೆನಾ ಹೈದ:

ನೋಡಿದೆ ಮಾವ. ಕೆಲಸದ ಜಾಗದಿಂದ ಅರ್ಧ ಗಂಟೆ ದೂರದಲ್ಲಿ ಒಂದಿದೆ. ಗೇಟಿನ ಹತ್ತಿರ ಪೆಟ್ಟಿಗೆಯಲ್ಲಿ ಹೆಸರು ಬರೆದು ಹಾಕಿ ಒಳಗೆ ಹೋಗಬಹುದಂತೆ. ಶುಕ್ರವಾರ ಸಂಜೆ ಅಲ್ಲಿ ಕೂರುತ್ತೇನೆ. ಸಿಕ್ಕಿದರೆ ಎಳೆದು ತರೋಕೆ ಯಾರಾದರೂ ಬರಬೇಕು, ಹೇಳಿದ್ದೇನೆ.

ಹೊಸ ಬೂಟು:

ತುಂಬಾ ಥ್ಯಾಂಕ್ಸ್ ಸರ್. ವಕೀಲರಿಗೆ ಇವತ್ತೇ ಫೋನ್ ಮಾಡುತ್ತೇನೆ. ಈ ವರ್ಷ ರೈಫಲ್ ಇಲ್ಲದೆ ಸುಮ್ನೆ ಜೊತೆಗೆ ಬಂದು ನೋಡಬಹುದಾ?

ಮೊಂಟಾನಾ ಮಾವ:

ಬಾ. ಕೊನೆಯ ವಾರಾಂತ್ಯ ನಾನು ಎಲ್ಕ್‌ಗೆ ಹೋಗುತ್ತಿದ್ದೇನೆ. ರಸ್ತೆ ಮುಗಿದ ಮೇಲೆ ಎರಡು ಗಂಟೆ ಏರು. ಉಣ್ಣೆಯ ಬಟ್ಟೆ ಹಾಕು, ಜೀನ್ಸ್ ಬೇಡ, ಒದ್ದೆಯಾದರೆ ಒಣಗೋದಿಲ್ಲ. ಬೂಟನ್ನು ಈಗಿನಿಂದಲೇ ಹಾಕಿ ಓಡಾಡಿ ಪಳಗಿಸು. ಕಿತ್ತಳೆ ಜಾಕೆಟ್ ನನ್ನ ಹತ್ತಿರ ಇನ್ನೊಂದಿದೆ. ಅದು ಗ್ರಿಜ್ಲಿ ಕರಡಿಗಳ ಜಾಗ, ಕರಡಿ ಓಡಿಸುವ ಬೇರ್ ಸ್ಪ್ರೇ ಸೊಂಟದಲ್ಲಿರಬೇಕು, ಚೀಲದ ಒಳಗಲ್ಲ. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಬಿದ್ದರೆ ತೊಡೆ, ಭುಜ ಬೇರೆ ಬೇರೆ ಮಾಡಿ ಬೆನ್ನ ಮೇಲೆ ಹೊತ್ತು ಹಲವು ಸಲ ಹತ್ತಿ ಇಳಿಯಬೇಕು. ಹೊರೋಕೆ ಇನ್ನೂ ಇಬ್ಬರು ಬೇಕು. ಗೌಡ್ರೇ, ಫೆಸೆಂಟ್ ಬಿಟ್ಟು ಬರ್ತೀರಾ?

ಡಕೋಟಾ ಗೌಡ:

ಬರ್ತೀನಿ. ನಾಯಿ ಬಿಟ್ಟು ಬರಬೇಕಾ, ಕರ್ಕೊಂಡು ಬರಬೇಕಾ ಅಷ್ಟು ಹೇಳಿ.

ಮೊಂಟಾನಾ ಮಾವ:

ಬಿಟ್ಟು ಬನ್ನಿ. ಇಲ್ಲಿ ಎಲ್ಕ್, ಜಿಂಕೆ ಬೇಟೆಗೆ ನಾಯಿ ಬಳಸುವ ಹಾಗಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಹೊರಡೋದು.